ಬ್ಲಾಸ್ಟ್ ಗೊತ್ತು, ಕುಳಿ ಗೊತ್ತಾ? ದೊಡ್ಡ ಗಣಿಗಳ ರೋಟರಿ ಡ್ರಿಲ್‌ಗಳು ಎತ್ತ ಸಾಗಿವೆ

ಮಂಡ್ಯ ಕಡೆ ‘ಟ್ರಯಲ್ ಬ್ಲಾಸ್ಟ್’ ಅನ್ನೋ ಮಾತು ಕೇಳದವರು ಈಗ ಕಮ್ಮಿ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲು ಗಣಿಗಳಿಂದ ಕೆಆರ್‌ಎಸ್ ಅಣೆಕಟ್ಟೆಗೆ ತೊಂದರೆ ಇದೆಯಾ ಇಲ್ಲವಾ ಅಂತ ತಿಳಿಯಲು ಪರೀಕ್ಷಾ ಸ್ಫೋಟ ಮಾಡಬೇಕು ಅನ್ನೋರು ಒಂದು ಕಡೆ, ಪರೀಕ್ಷೆ ಹೆಸರಲ್ಲೂ ಅಲ್ಲಿ ಮದ್ದು ಸಿಡಿಸೋದು ಬೇಡ ಅನ್ನೋ ರೈತರು ಇನ್ನೊಂದು ಕಡೆ. 2024ರ ಜನವರಿಯಲ್ಲಿ ಹೈಕೋರ್ಟ್ ಮಧ್ಯೆ ಬಂತು. ಅಣೆಕಟ್ಟೆ ಸುರಕ್ಷತಾ ಕಾಯ್ದೆಯಡಿ ಅಧ್ಯಯನ ಮುಗಿಯುವ ತನಕ ಕೆಆರ್‌ಎಸ್ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ನಡೆಯಬಾರದು ಎಂದಿತು.

ಈ ಚರ್ಚೆಯಲ್ಲೆಲ್ಲ ಮದ್ದು, ಸದ್ದು, ಕಂಪನ ಇವುಗಳದ್ದೇ ಮಾತು. ಆದರೆ ಮದ್ದು ಬಂಡೆಯೊಳಗೆ ಹೋಗಬೇಕಾದರೆ ಮೊದಲು ಯಾರೋ ಕುಳಿ ಹೊಡೆದಿರಬೇಕು, ಅಲ್ವಾ? ಆ ಕುಳಿ ಎಷ್ಟು ದಪ್ಪ, ಎಷ್ಟು ಆಳ, ಎಲ್ಲಿ, ಯಾವ ಕೋನದಲ್ಲಿ ಅನ್ನೋದು ತೀರ್ಮಾನ ಆಗುವ ಹೊತ್ತಿಗೆ ಬ್ಲಾಸ್ಟ್ ಹೇಗೆ ಆಗುತ್ತದೆ ಅನ್ನೋದೂ ಬಹುಪಾಲು ತೀರ್ಮಾನ ಆಗಿರುತ್ತದೆ. ಜಗತ್ತಿನ ದೊಡ್ಡ ತೆರೆದ ಗಣಿಗಳಲ್ಲಿ ಈ ಕುಳಿ ಕೊರೆಯೋದು ರೋಟರಿ ಬ್ಲಾಸ್ಟ್‌ಹೋಲ್ ಡ್ರಿಲ್ ಎಂಬ ಯಂತ್ರ. ಈ ಯಂತ್ರ ಈಗ ತುಂಬಾ ಬದಲಾಗುತ್ತಿದೆ. ಬದಲಾವಣೆ ನಡೆಯುತ್ತಿರುವುದು ಗಾತ್ರದಲ್ಲಿ ಅಲ್ಲ, ನಿಖರತೆಯಲ್ಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಜಲ್ಲಿ ಕ್ವಾರಿಗಳಲ್ಲಿ ಈ ಯಂತ್ರ ಕಾಣಸಿಗಲ್ಲ. ಯಾಕೆ ಸಿಗಲ್ಲ ಅನ್ನೋದನ್ನೂ ಮುಂದೆ ನೋಡೋಣ.

ಕುಳಿ ಅಂದರೆ ಸುಮ್ನೆ ತೂತಲ್ಲ

ತೆರೆದ ಗಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋಡುತ್ತಾರೆ. ಒಂದೊಂದು ಮೆಟ್ಟಿಲಿಗೂ ಬೆಂಚ್ ಎನ್ನುತ್ತಾರೆ. ದೊಡ್ಡ ಗಣಿಯಲ್ಲಿ ಒಂದು ಬೆಂಚ್ 10ರಿಂದ 15 ಮೀಟರ್ ಎತ್ತರ ಇರುವುದು ಸಾಮಾನ್ಯ. ಬೆಂಚಿನ ತಲೆ ಮೇಲೆ ಯಂತ್ರ ನಿಲ್ಲಿಸಿ, ಅಂಚಿನಿಂದ ಹಿಂದಕ್ಕೆ ಸಾಲು ಸಾಲಾಗಿ ಕೆಳಮುಖವಾಗಿ ಕುಳಿ ಹೊಡೆಯುತ್ತಾರೆ.

ಇಲ್ಲಿ ಎರಡು ಅಳತೆ ಮುಖ್ಯ. ಕುಳಿಯಿಂದ ಬೆಂಚಿನ ತೆರೆದ ಮುಖಕ್ಕೆ ಇರುವ ದೂರಕ್ಕೆ ಬರ್ಡನ್ ಎನ್ನುತ್ತಾರೆ. ಅಂದರೆ ಆ ಕುಳಿಯ ಮದ್ದು ಮುಂದಕ್ಕೆ ತಳ್ಳಬೇಕಾದ ಬಂಡೆಯ ದಪ್ಪ. ಒಂದೇ ಸಾಲಿನಲ್ಲಿ ಕುಳಿಯಿಂದ ಕುಳಿಗೆ ಇರುವ ದೂರ ಸ್ಪೇಸಿಂಗ್. ಬರ್ಡನ್ ಸಾಮಾನ್ಯವಾಗಿ ಕುಳಿಯ ವ್ಯಾಸದ 25ರಿಂದ 35 ಪಟ್ಟು ಇಟ್ಟುಕೊಳ್ಳುತ್ತಾರೆ. 33 ಮಿಲಿಮೀಟರ್ ಕುಳಿಗೆ ಹೆಚ್ಚುಕಮ್ಮಿ ಒಂದು ಮೀಟರ್, 311 ಮಿಲಿಮೀಟರ್ ಕುಳಿಗೆ ಎಂಟು ಒಂಬತ್ತು ಮೀಟರ್.

ಕುಳಿಯನ್ನು ಬೆಂಚಿನ ಬುಡಕ್ಕಿಂತ ಸ್ವಲ್ಪ ಜಾಸ್ತಿಯೇ ಆಳಕ್ಕೆ ಇಳಿಸುತ್ತಾರೆ. ಇಲ್ಲದಿದ್ದರೆ ಬುಡದಲ್ಲಿ ಬಂಡೆ ಒಡೆಯದೆ ಗಡ್ಡೆಯಾಗಿ ಉಳಿದುಬಿಡುತ್ತದೆ. ಆಮೇಲೆ ಕೆಳಗೆ ಮದ್ದು ತುಂಬಿ, ಮೇಲ್ಭಾಗಕ್ಕೆ ಜಲ್ಲಿ ಚೂರೋ ಕೊರೆದ ಪುಡಿಯೋ ಹಾಕಿ ಮುಚ್ಚುತ್ತಾರೆ. ಈ ಮುಚ್ಚಿಗೆಗೆ ಸ್ಟೆಮಿಂಗ್ ಎಂದು ಹೆಸರು. ಇದು ಸಡಿಲ ಇದ್ದರೆ ಮದ್ದಿನ ಅನಿಲ ಬಂಡೆ ಒಡೆಯುವ ಬದಲು ಬಾಯಿಂದಲೇ ಮೇಲಕ್ಕೆ ಹಾರಿಹೋಗುತ್ತದೆ. ಜೊತೆಗೆ ಕಲ್ಲೂ ಹಾರುತ್ತವೆ.

ಬಂಡೆ ಕೊರೆಯಲು ಎರಡು ದಾರಿ

ಒಂದು, ಕುಟ್ಟುವುದು. ಇನ್ನೊಂದು, ಅದುಮಿ ಉರುಳಿಸುವುದು.

ಕುಟ್ಟುವ ದಾರಿ ನಮಗೆಲ್ಲ ಗೊತ್ತಿರೋದೇ. ಕ್ವಾರಿಯಲ್ಲಿ ಟ್ರ್ಯಾಕ್ಟರ್ ಕಂಪ್ರೆಸರ್‌ಗೆ ಪೈಪ್ ಸಿಕ್ಕಿಸಿ ಇಬ್ಬರು ಹಿಡಿದು ನಿಲ್ಲುವ ಜಾಕ್ ಹ್ಯಾಮರ್ ಆ ಜಾತಿಯದು. ಕುಳಿ 32ರಿಂದ 34 ಮಿಲಿಮೀಟರ್, ಆಳ ಐದಾರು ಅಡಿ. ಊರಿಗೆ ಬರುವ ಬೋರ್‌ವೆಲ್ ಲಾರಿಯೂ ಅದೇ ಜಾತಿ, ಆದರೆ ಅದರಲ್ಲಿ ಸುತ್ತಿಗೆ ಮೇಲಿರಲ್ಲ, ರಾಡ್‌ಗಳ ತುದಿಯಲ್ಲಿ, ತೂತಿನ ತಳದಲ್ಲೇ ಇರುತ್ತದೆ. ಮೇಲಿಂದ ಬರುವ ಗಾಳಿ ಒತ್ತಡಕ್ಕೆ ಒಳಗಿನ ಪಿಸ್ಟನ್, ಬಿಟ್ ಅಂದರೆ ಕೊರೆಯುವ ತುದಿಯ ಮೇಲೆ ಬಡಿಯುತ್ತಾ ಹೋಗುತ್ತದೆ. ಇದಕ್ಕೆ ಡಿಟಿಎಚ್ (ಡೌನ್ ದ ಹೋಲ್) ಹ್ಯಾಮರ್ ಎನ್ನುತ್ತಾರೆ. ದೊಡ್ಡ ಕ್ವಾರಿಗಳಲ್ಲಿ ಚೈನ್ ಮೇಲೆ ಓಡಾಡುತ್ತಾ 100ರಿಂದ 115 ಮಿಲಿಮೀಟರ್ ಕುಳಿ ಹೊಡೆಯುವ ಯಂತ್ರಗಳಲ್ಲೂ ಬಹಳಷ್ಟು ಇದೇ ತತ್ವ.

ರೋಟರಿ ಡ್ರಿಲ್‌ನಲ್ಲಿ ಬಡಿತವೇ ಇಲ್ಲ. ಅದರ ತುದಿಯಲ್ಲಿ ಟ್ರೈಕೋನ್ ಬಿಟ್ ಇರುತ್ತದೆ. ಮೂರು ಶಂಕುಗಳು ಒಳಮುಖವಾಗಿ ಒಂದರ ಪಕ್ಕ ಒಂದು ಕೂತಿರುತ್ತವೆ, ಪ್ರತಿಯೊಂದಕ್ಕೂ ಅದರದ್ದೇ ಬೇರಿಂಗ್, ಮೈತುಂಬಾ ಹಲ್ಲು. ರಾಡ್ ತಿರುಗಿದಂತೆ ಶಂಕುಗಳು ತೂತಿನ ತಳದಲ್ಲಿ ಉರುಳುತ್ತವೆ. ಒಕ್ಕಣೆ ಕಣದಲ್ಲಿ ರಾಗಿ ತೆನೆ ಹರಡಿ ಅದರ ಮೇಲೆ ರೋಣಗಲ್ಲು ಎಳೆಸುತ್ತಿದ್ದರಲ್ಲ, ಕೆಲಸ ಹೆಚ್ಚುಕಮ್ಮಿ ಹಾಗೇ. ಕಲ್ಲು ತೆನೆಯನ್ನು ಬಡಿಯುವುದಿಲ್ಲ, ಕತ್ತರಿಸುವುದೂ ಇಲ್ಲ. ತನ್ನ ಭಾರ ಹಾಕಿ ಉರುಳುತ್ತದೆ, ಕಾಳು ಬಿಡಿಸಿಕೊಂಡು ಬರುತ್ತದೆ. ಇಲ್ಲಿ ಒಂದೊಂದು ಹಲ್ಲೂ ಬಂಡೆಗೆ ಒತ್ತಿದಾಗ ಅದರ ಕೆಳಗಿನ ಕಲ್ಲು ಪುಡಿಯಾಗಿ, ಪಕ್ಕದ ಚೂರು ಸೀಳಿ ಏಳುತ್ತದೆ.

ಶಂಕುವಿನ ಬಿಟ್ ಹುಟ್ಟಿದ್ದು ಗಣಿಗಲ್ಲ, ಎಣ್ಣೆ ಬಾವಿಗೆ. 1909ರಲ್ಲಿ ಅಮೆರಿಕದ ಹೊವರ್ಡ್ ಹ್ಯೂಸ್ ಸೀನಿಯರ್ ಎರಡು ಶಂಕುವಿನ ಬಿಟ್‌ಗೆ ಪೇಟೆಂಟ್ ಪಡೆದರು. ಮೂರು ಶಂಕುವಿನದು 1930ರ ದಶಕದಲ್ಲಿ ಅವರ ಕಂಪನಿಯಿಂದಲೇ ಬಂತು. ಎಣ್ಣೆ ಬಾವಿಯಲ್ಲಿ ಪುಡಿ ತೆಗೆಯಲು ಕೆಸರು ನೀರು ಬಳಸುತ್ತಾರೆ. 1940ರ ದಶಕದ ಕೊನೆ ಹೊತ್ತಿಗೆ ಅದರ ಬದಲು ಒತ್ತಡದ ಗಾಳಿ ಬಳಸಬಹುದು ಎಂದು ಗೊತ್ತಾದ ಮೇಲೆ ಅಮೆರಿಕದ ಕಲ್ಲಿದ್ದಲು ಗಣಿಗಳಿಗೆ ಈ ಯಂತ್ರ ಕಾಲಿಟ್ಟಿತು. ಹಲ್ಲುಗಳಿಗೆ ಟಂಗ್‌ಸ್ಟನ್ ಕಾರ್ಬೈಡ್ ಗುಂಡಿ ಕೂರಿಸಲು ಶುರುವಾದ ಮೇಲೆ ಗಟ್ಟಿ ಬಂಡೆಗೂ ಒಗ್ಗಿತು. ಮೆತ್ತನೆ ಕಲ್ಲಿಗೆ ಉದ್ದ, ದೂರ ದೂರದ ಹಲ್ಲು. ಗಟ್ಟಿ ಕಲ್ಲಿಗೆ ಗಿಡ್ಡ, ಒತ್ತೊತ್ತಾದ ಹಲ್ಲು.

ಭಾರ, ತಿರುಗು, ಗಾಳಿ

ಈ ಯಂತ್ರದ ಕೆಲಸ ಅರ್ಥವಾಗಬೇಕಾದರೆ ಮೂರು ಸಂಗತಿ ತಿಳಿದರೆ ಸಾಕು.

ಮೊದಲನೆಯದು ಬಿಟ್ ಮೇಲೆ ಹಾಕುವ ಭಾರ. 311 ಮಿಲಿಮೀಟರ್ ಬಿಟ್ ಗಟ್ಟಿ ಬಂಡೆಗೆ ಇಳಿಯಬೇಕಾದರೆ 30 ಟನ್ ಮೇಲೇ ಬೇಕು. ಇಷ್ಟು ಭಾರ ಕೆಳಕ್ಕೆ ಒತ್ತಬೇಕಾದರೆ ಯಂತ್ರದ ತೂಕ ಅದಕ್ಕಿಂತ ಎಷ್ಟೋ ಜಾಸ್ತಿ ಇರಬೇಕು, ಇಲ್ಲದಿದ್ದರೆ ಬಿಟ್ ಕೆಳಗಿಳಿಯುವ ಬದಲು ಯಂತ್ರವೇ ಮೇಲಕ್ಕೇಳುತ್ತದೆ. ಕೊರೆಯುವಾಗ ಯಂತ್ರ ತನ್ನ ಚೈನ್ ಮೇಲೆ ನಿಂತಿರಲ್ಲ. ನಾಲ್ಕು ದಪ್ಪ ಹೈಡ್ರಾಲಿಕ್ ಜಾಕ್‌ಗಳನ್ನು ಊರಿ, ಮೈ ಎತ್ತಿಕೊಂಡು, ಮಟ್ಟ ಸರಿ ಮಾಡಿಕೊಂಡು ಆಮೇಲೆ ಬಿಟ್ ಇಳಿಸುತ್ತದೆ.

ತಿರುಗುವ ವೇಗ ಕಮ್ಮಿ. ನಿಮಿಷಕ್ಕೆ 60ರಿಂದ 120 ಸುತ್ತು ಸಾಮಾನ್ಯ, ಗಟ್ಟಿ ಬಂಡೆಗೆ ಇನ್ನೂ ನಿಧಾನ. ಜೋರು ಮಾಡಿದರೆ ಬೇರಿಂಗ್ ಹೋಗುತ್ತದೆ ಅಷ್ಟೇ.

ಮೂರನೆಯದು ಗಾಳಿ. ಇದರ ಮಹತ್ವ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಒಡೆದ ಚೂರು ತಳದಲ್ಲೇ ಉಳಿದರೆ ಬಿಟ್ ಅದನ್ನೇ ಮತ್ತೆ ಮತ್ತೆ ಅರೆಯುತ್ತಾ ಕೂರುತ್ತದೆ, ಹಲ್ಲು ಸವೆಯುತ್ತದೆ, ಕುಳಿ ಮುಂದಕ್ಕೆ ಹೋಗಲ್ಲ. ಅದಕ್ಕೆ ರಾಡ್ ಒಳಗಿಂದ ಗಾಳಿ ಇಳಿಸಿ, ರಾಡ್‌ಗೂ ಕುಳಿ ಗೋಡೆಗೂ ನಡುವಿನ ಸಂದಿಯಲ್ಲಿ ಚೂರುಗಳನ್ನು ಮೇಲಕ್ಕೆ ಎಬ್ಬಿಸುತ್ತಾರೆ. ಆ ಸಂದಿಯಲ್ಲಿ ಗಾಳಿ ಸೆಕೆಂಡಿಗೆ ಸುಮಾರು 25ರಿಂದ 35 ಮೀಟರ್ ವೇಗದಲ್ಲಿ ಏಳಬೇಕು. ಅಂದರೆ ಗಂಟೆಗೆ 90ರಿಂದ 125 ಕಿಲೋಮೀಟರ್. ಅದೇ ಗಾಳಿಯ ಒಂದು ಪಾಲು ಬಿಟ್‌ನ ಬೇರಿಂಗ್ ಒಳಗೂ ಹರಿದು ಅದನ್ನು ತಣ್ಣಗಿಡುತ್ತದೆ. ಇಷ್ಟು ಗಾಳಿ ಹುಟ್ಟಿಸುವ ಕಂಪ್ರೆಸರ್ ಎಂಜಿನ್ ಶಕ್ತಿಯ ದೊಡ್ಡ ಪಾಲನ್ನು ನುಂಗುತ್ತದೆ. ಬಂಡೆ ಕೊರೆಯುವ ಯಂತ್ರ ಅಂತೀವಿ, ನಿಜಕ್ಕೂ ಅದು ಬಂಡೆ ಕೊರೆಯುವ ದೊಡ್ಡ ಕಂಪ್ರೆಸರ್.

ನಮ್ಮ ಕ್ವಾರಿಗೆ ಇದು ಯಾಕೆ ಬರಲಿಲ್ಲ

ಮಂಡ್ಯ ಮೈಸೂರು ಕಡೆಯ ಗ್ರಾನೈಟ್, ನೈಸ್ (gneiss) ಬಂಡೆ ಗಟ್ಟಿ ಜಾತಿಯವು. ಗಟ್ಟಿ ಬಂಡೆಗೆ ರೋಟರಿಯಲ್ಲಿ ಇಳಿಯಬೇಕಾದರೆ ಭಾರ ಜಾಸ್ತಿ ಬೇಕು, ಆ ಭಾರ ಹೊರುವುದು ಶಂಕುಗಳೊಳಗಿನ ಬೇರಿಂಗ್. ಬಿಟ್ ಸಣ್ಣದಾದಷ್ಟೂ ಬೇರಿಂಗ್‌ಗೆ ಜಾಗ ಕಮ್ಮಿ. 100 ಮಿಲಿಮೀಟರ್ ಬಿಟ್ ಒಳಗೆ ಗ್ರಾನೈಟ್‌ಗೆ ಬೇಕಾದಷ್ಟು ಭಾರ ತಡೆಯುವ ಮೂರು ಬೇರಿಂಗ್ ಕೂರಿಸುವುದು ಆಗದ ಮಾತು. ಅದಕ್ಕೇ ರೋಟರಿ ಲೋಕ ಸುಮಾರು 150 ಮಿಲಿಮೀಟರ್‌ನಿಂದ ಶುರುವಾಗಿ 406 ಮಿಲಿಮೀಟರ್‌ವರೆಗೆ ಹೋಗುತ್ತದೆ. ಅದಕ್ಕಿಂತ ಸಣ್ಣ ಕುಳಿ, ಗಟ್ಟಿ ಬಂಡೆ ಎಂದರೆ ಕುಟ್ಟುವ ಯಂತ್ರವೇ ಸರಿ.

ಇನ್ನೊಂದು ಕಾರಣ ಲೆಕ್ಕದಲ್ಲಿದೆ. ಒಂದು ಮೀಟರ್ ಕುಳಿಯಲ್ಲಿ ಎಷ್ಟು ಮದ್ದು ಹಿಡಿಯುತ್ತದೆ ನೋಡಿ. ಈಗ ಬಳಕೆಯಲ್ಲಿರುವ ಎಮಲ್ಷನ್ ಮದ್ದಿನ ಸಾಂದ್ರತೆ ನೀರಿನ 1.15 ಪಟ್ಟು ಎಂದು ಹಿಡಿದರೆ, 33 ಮಿಲಿಮೀಟರ್ ಕುಳಿಯಲ್ಲಿ ಮೀಟರಿಗೆ ಒಂದು ಕಿಲೋ. 115 ಮಿಲಿಮೀಟರ್ ಕುಳಿಯಲ್ಲಿ 12 ಕಿಲೋ. 250ರಲ್ಲಿ 56 ಕಿಲೋ. 311ರಲ್ಲಿ 87 ಕಿಲೋ. ವ್ಯಾಸ ಹತ್ತು ಪಟ್ಟು ಆಗುವ ಮೊದಲೇ ಮದ್ದು 90 ಪಟ್ಟು ಹತ್ತಿರ ಬಂತು. ಸುತ್ತ ಹಳ್ಳಿ, ಕಾಲುವೆ, ಅಣೆಕಟ್ಟೆ ಇರುವ ಕಡೆ ಒಂದು ಕುಳಿಗೆ ಸಾವಿರ ಕಿಲೋ ತುಂಬುವ ಮಾತೇ ಬರಲ್ಲ.

ಅದೇ ಲೆಕ್ಕ ಮರುಭೂಮಿಯ ನಡುವಿನ ಗಣಿಗೆ ಲಾಭ. ಎಂಟು ಮೀಟರ್ ಬರ್ಡನ್, ಒಂಬತ್ತು ಮೀಟರ್ ಸ್ಪೇಸಿಂಗ್ ಇಟ್ಟರೆ ಒಂದು ಮೀಟರ್ ಕುಳಿ 72 ಘನ ಮೀಟರ್ ಬಂಡೆ ಒಡೆಯುತ್ತದೆ. ಜಾಕ್ ಹ್ಯಾಮರ್ ಕುಳಿ ಮೀಟರಿಗೆ ಒಂದು ಘನ ಮೀಟರ್ ಚಿಲ್ಲರೆ ಒಡೆದರೆ ಹೆಚ್ಚು.

ನಮ್ಮ ದೇಶದಲ್ಲಿ ರೋಟರಿ ಡ್ರಿಲ್ ಹೆಚ್ಚಾಗಿ ಕಾಣುವುದು ಕಲ್ಲಿದ್ದಲು ಗಣಿಗಳಲ್ಲಿ. ಅಲ್ಲಿ 160 ಮತ್ತು 250 ಮಿಲಿಮೀಟರ್ ಕುಳಿ ಮಾಮೂಲು. ಕೊಯಮತ್ತೂರಿನ ರೇವತಿ ಎಕ್ವಿಪ್‌ಮೆಂಟ್ ಈ ಯಂತ್ರಗಳನ್ನು ಇಲ್ಲೇ ತಯಾರಿಸುತ್ತಾ ಬಂದಿದೆ. ಇವು ಒಡೆದು ಹಾಕಿದ ಕಲ್ಲನ್ನು ಹೊರುವ ದೊಡ್ಡ ಡಂಪರ್‌ಗಳನ್ನು ಮೈಸೂರಿನ ಬೆಮೆಲ್‌ನಲ್ಲಿ ಕಟ್ಟುತ್ತಾರೆ, ಹಾಗಾಗಿ ಈ ಲೋಕ ನಮಗೆ ಪೂರ್ತಿ ದೂರದ್ದೂ ಅಲ್ಲ.

ಗಾತ್ರದ ಪೈಪೋಟಿ ಹೆಚ್ಚುಕಮ್ಮಿ ಮುಗಿದಿದೆ

ಎಪಿರಾಕ್ ಕಂಪನಿಯ ಪಿಟ್ ವೈಪರ್ 351 ಬಿಟ್ ಮೇಲೆ 56 ಟನ್‌ಗಿಂತ ಜಾಸ್ತಿ ಭಾರ ಹಾಕಬಲ್ಲದು, 406 ಮಿಲಿಮೀಟರ್ ದಪ್ಪದ ಕುಳಿಯನ್ನು ಸುಮಾರು 20 ಮೀಟರ್ ಆಳಕ್ಕೆ ಮಧ್ಯೆ ರಾಡ್ ಜೋಡಿಸದೆ ಒಂದೇ ಇಳಿತದಲ್ಲಿ ಕೊರೆಯುತ್ತದೆ. ಕ್ಯಾಟರ್‌ಪಿಲ್ಲರ್, ಕೊಮಾಟ್ಸು, ಸ್ಯಾಂಡ್‌ವಿಕ್ ಬಳಿಯೂ ಇದೇ ಮಟ್ಟದ ಯಂತ್ರಗಳಿವೆ. ಇದಕ್ಕಿಂತ ದಪ್ಪ ಕುಳಿ ಬೇಕು ಎನ್ನುವವರು ಈಗ ಹೆಚ್ಚಿಲ್ಲ. ಕುಳಿ ತೀರಾ ದಪ್ಪ ಆದರೆ ಮದ್ದು ಕೆಲವೇ ಕಡೆ ಗುಡ್ಡೆಯಾಗಿ ಕೂರುತ್ತದೆ, ನಡುವಿನ ಬಂಡೆ ದೊಡ್ಡ ದೊಡ್ಡ ಗುಂಡಾಗಿ ಉಳಿದು ಕ್ರಷರ್ ಬಾಯಿಗೆ ಹಿಡಿಯಲ್ಲ.

ಒಂದೇ ಇಳಿತ ಎನ್ನುವುದು ಮಾತ್ರ ನಿಜವಾದ ಉಪಯೋಗ. ಬೋರ್‌ವೆಲ್ ಕೊರೆಸಿದವರಿಗೆ ಗೊತ್ತು, ಪ್ರತಿ ರಾಡ್ ಜೋಡಿಸುವಾಗಲೂ ಕೊರೆತ ನಿಲ್ಲುತ್ತದೆ. ದಿನಕ್ಕೆ ಹತ್ತಾರು ಕುಳಿ ಹೊಡೆಯುವ ಯಂತ್ರಕ್ಕೆ ಆ ನಿಮಿಷಗಳೇ ಜಾಸ್ತಿ. ಅದಕ್ಕೆ ಮಾಸ್ಟ್ ಅಂದರೆ ನಿಲುವು ಕಂಬವನ್ನೇ ಬೆಂಚಿನ ಆಳಕ್ಕೆ ಸರಿಯಾಗುವಷ್ಟು ಉದ್ದ ಮಾಡುತ್ತಾರೆ.

ಕುಳಿ ಜಾಗ ತಪ್ಪಿದರೆ ಏನಾಗುತ್ತದೆ

ನನ್ನ ಪ್ರಕಾರ ಇಡೀ ಬದಲಾವಣೆಯಲ್ಲಿ ನಮಗೆ ಹತ್ತಿರವಾದದ್ದು ಇದೇ. ಸ್ವಲ್ಪ ನಿಧಾನವಾಗಿ ನೋಡೋಣ.

ಹಳೇ ಪದ್ಧತಿಯಲ್ಲಿ ಸರ್ವೆಯವರು ಬಂದು ಪ್ರತಿ ಕುಳಿಯ ಜಾಗಕ್ಕೂ ಗೂಟ ನೆಡುತ್ತಾರೆ, ಇಲ್ಲಾ ಬಣ್ಣ ಬಳಿದ ಕಲ್ಲು ಇಡುತ್ತಾರೆ. ಆಪರೇಟರ್ ಯಂತ್ರವನ್ನು ಗೂಟದ ಮೇಲೆ ತಂದು ನಿಲ್ಲಿಸಬೇಕು. ಕ್ಯಾಬಿನ್‌ನಿಂದ ಗೂಟ ಸರಿಯಾಗಿ ಕಾಣಲ್ಲ, ಕೆಲವು ಗೂಟ ಚೈನ್ ಅಡಿಗೆ ಸಿಕ್ಕು ಹೋಗಿರುತ್ತವೆ, ರಾತ್ರಿ ಪಾಳಿ ಬೇರೆ. ಒಂದಡಿ ಆಚೀಚೆ ಆಗುವುದು ಮಾಮೂಲು. ಮಟ್ಟ ಸರಿಯಿಲ್ಲದೆ ಕುಳಿ ಒಂದು ಡಿಗ್ರಿ ವಾಲಿತು ಅಂತಿಟ್ಟುಕೊಳ್ಳಿ, 15 ಮೀಟರ್ ಆಳದಲ್ಲಿ ಅದು 26 ಸೆಂಟಿಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಮೇಲಿನ ತಪ್ಪೂ ಕೆಳಗಿನ ತಪ್ಪೂ ಒಂದೇ ದಿಕ್ಕಿಗೆ ಸೇರಿದರೆ ಅರ್ಧ ಮೀಟರ್.

ಎಂಟು ಮೀಟರ್ ಬರ್ಡನ್‌ನಲ್ಲಿ ಅರ್ಧ ಮೀಟರ್ ತಡೆದುಕೊಳ್ಳಬಹುದು. ಮೂರು ಮೀಟರ್ ಬರ್ಡನ್ ಇಟ್ಟುಕೊಳ್ಳುವ 115 ಮಿಲಿಮೀಟರ್ ಕುಳಿಗೆ ಅರ್ಧ ಮೀಟರ್ ಅಂದರೆ ದೊಡ್ಡ ತಪ್ಪೇ. ಕುಳಿ ಅಂಚಿಗೆ ಹತ್ತಿರವಾದರೆ ಬಂಡೆ ತೆಳುವಾಗಿ, ಮದ್ದಿನ ಶಕ್ತಿ ಹೊರಕ್ಕೆ ಚಿಮ್ಮುತ್ತದೆ. ಕಲ್ಲು ಹಾರುವುದು, ಕಿವಿ ಗಡಚಿಕ್ಕುವ ಸದ್ದು ಬರುವುದು ಹೆಚ್ಚಾಗಿ ಇಂಥ ಕುಳಿಯಿಂದ. ಕುಳಿ ಅಂಚಿನಿಂದ ದೂರವಾದರೆ ತೊಂದರೆ ಬೇರೆ. ಮದ್ದು ಮುಂದಿನ ಬಂಡೆಯನ್ನು ತಳ್ಳಲು ಆಗದೆ, ಶಕ್ತಿ ನೆಲದೊಳಗೇ ಕಂಪನವಾಗಿ ಹರಡುತ್ತದೆ. ಹೊರಗೆ ಸದ್ದು ಕಮ್ಮಿ, ನೆಲ ಮಾತ್ರ ಜಾಸ್ತಿ ಅದುರುತ್ತದೆ. ಸದ್ದು ಕೇಳಿ ಕಂಪನ ಅಳೆಯೋಕೆ ಆಗಲ್ಲ ಅನ್ನೋದು ಇದಕ್ಕೇ.

ಈಗಿನ ರೋಟರಿ ಯಂತ್ರಗಳಲ್ಲಿ ಗೂಟ ಇಲ್ಲ. ಕುಳಿಗಳ ನಕ್ಷೆ ಕಚೇರಿಯ ಕಂಪ್ಯೂಟರ್‌ನಿಂದ ನೇರ ಯಂತ್ರದ ಪರದೆಗೆ ಬರುತ್ತದೆ. ಮೇಲಿರುವ ಉಪಗ್ರಹ ಆಂಟೆನಾಗಳು, ಹತ್ತಿರದ ನೆಲೆ ಕೇಂದ್ರದ ತಿದ್ದುಪಡಿ ಸಂಕೇತ ಎರಡೂ ಸೇರಿ ಬಿಟ್ ಎಲ್ಲಿದೆ ಎಂದು ಸುಮಾರು ಹತ್ತು ಸೆಂಟಿಮೀಟರ್ ಆಚೀಚೆಗೆ ಹೇಳುತ್ತವೆ. ಜಾಕ್ ಊರಿ ಮಟ್ಟ ಮಾಡಿಕೊಳ್ಳುವುದೂ ತಾನೇ. ಬೆಂಚಿನ ನೆಲ ಏರುಪೇರು ಇದ್ದರೆ, ಎಲ್ಲಾ ಕುಳಿಯ ತಳವೂ ಒಂದೇ ಮಟ್ಟಕ್ಕೆ ಬರುವಂತೆ ಪ್ರತಿ ಕುಳಿಯ ಆಳವನ್ನು ಬೇರೆ ಬೇರೆ ಲೆಕ್ಕ ಹಾಕಿಕೊಳ್ಳುತ್ತದೆ.

ಕಂಪನದ ಲೆಕ್ಕ, ಟ್ರಯಲ್ ಬ್ಲಾಸ್ಟ್‌ನ ಗುಟ್ಟು

ನೆಲದ ಕಂಪನವನ್ನು ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ನೆಲದ ಕಣ ಅಲುಗಿತು ಎಂದು ಅಳೆಯುತ್ತಾರೆ. ಡಿಜಿಎಂಎಸ್, ಅಂದರೆ ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿ ಮಿತಿ ಗೊತ್ತು ಮಾಡಿದೆ. ಗಣಿಯವರದ್ದಲ್ಲದ ಮನೆಗಳಿಗೆ ಕಂಪನದ ಆವರ್ತನ (ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಅನ್ನೋದು) 8 ಹರ್ಟ್ಸ್‌ಗಿಂತ ಕಮ್ಮಿ ಇದ್ದರೆ 5 ಮಿಲಿಮೀಟರ್, 8ರಿಂದ 25ರ ನಡುವೆ 10, ಅದರ ಮೇಲೆ 15. ಹಳೇ ಸ್ಮಾರಕಗಳಂಥ ನಾಜೂಕು ಕಟ್ಟಡಗಳಿಗೆ ಕ್ರಮವಾಗಿ 2, 5, 10. ನಿಧಾನ ಅಲೆಯ ಕಂಪನ ಕಟ್ಟಡಕ್ಕೆ ಹೆಚ್ಚು ಅಪಾಯ, ಅದಕ್ಕೇ ಅದರ ಮಿತಿ ಬಿಗಿ.

ಕಂಪನ ಎಷ್ಟು ಬರುತ್ತದೆ ಎಂಬುದಕ್ಕೆ ದೂರ ಒಂದು ಕಾರಣ, ಒಂದೇ ಕ್ಷಣದಲ್ಲಿ ಸಿಡಿಯುವ ಮದ್ದು ಇನ್ನೊಂದು. ಇಡೀ ಬ್ಲಾಸ್ಟ್‌ಗೆ ಬಳಸಿದ ಒಟ್ಟು ಮದ್ದಲ್ಲ ಮತ್ತೆ. ಕುಳಿಗಳನ್ನು ಮಿಲಿಸೆಕೆಂಡುಗಳ ಅಂತರದಲ್ಲಿ ಒಂದಾದ ಮೇಲೊಂದು ಸಿಡಿಸುತ್ತಾರೆ, ಒಂದು ಅಂತರದಲ್ಲಿ ಎಷ್ಟು ಕಿಲೋ ಹೋಯಿತು ಅನ್ನೋದೇ ಲೆಕ್ಕಕ್ಕೆ ಬರೋದು. ಬಳಕೆಯಲ್ಲಿರುವ ಸೂತ್ರದಲ್ಲಿ ದೂರವನ್ನು ಆ ಮದ್ದಿನ ವರ್ಗಮೂಲದಿಂದ ಭಾಗಿಸುತ್ತಾರೆ. ಹಾಗಾಗಿ ಮದ್ದು ನಾಲ್ಕು ಪಟ್ಟು ಮಾಡುವುದೂ ಒಂದೇ, ದೂರ ಅರ್ಧ ಮಾಡುವುದೂ ಒಂದೇ.

ಸೂತ್ರದಲ್ಲಿ ಇನ್ನೆರಡು ಸಂಖ್ಯೆಗಳಿವೆ. ಅವು ಪುಸ್ತಕದಲ್ಲಿ ಸಿಗಲ್ಲ, ಆಯಾ ಜಾಗದ ಬಂಡೆ, ಬಿರುಕು, ಮಣ್ಣಿನ ಮೇಲೆ ನಿಂತಿವೆ. ಅವನ್ನು ಕಂಡುಹಿಡಿಯಲು ಗೊತ್ತಿರುವಷ್ಟು ಮದ್ದು ಸಿಡಿಸಿ, ಬೇರೆ ಬೇರೆ ದೂರದಲ್ಲಿ ಮೀಟರ್ ಇಟ್ಟು ಅಳೆಯಬೇಕು. ಟ್ರಯಲ್ ಬ್ಲಾಸ್ಟ್ ಅಂದರೆ ಇದೇ. ಮಾಡಬೇಕೋ ಬೇಡವೋ ಅನ್ನೋದು ಬೇರೆ ಮಾತು, ಯಾಕೆ ಕೇಳುತ್ತಾರೆ ಅನ್ನೋದು ಗೊತ್ತಿರಲಿ.

ಕ್ಯಾಬಿನ್‌ನಲ್ಲಿ ಯಾರೂ ಇಲ್ಲ

ಡ್ರಿಲ್ ಆಪರೇಟರ್ ಕೆಲಸ ಒಂದೇ ಸಮನೆ ಸುತ್ತುವ ಕೆಲಸ. ಯಂತ್ರ ತಂದು ನಿಲ್ಲಿಸು, ಜಾಕ್ ಊರು, ಮಟ್ಟ ಮಾಡು, ಕೊರೆ, ಬಿಟ್ ಮೇಲೆತ್ತು, ಜಾಕ್ ಎತ್ತು, ಮುಂದಿನ ಕುಳಿಗೆ ಹೋಗು. ಕಂಪ್ಯೂಟರ್‌ಗೆ ಒಪ್ಪಿಸಲು ಇಂಥ ಕೆಲಸವೇ ಸುಲಭ. ಮೊದಲು ಕೊರೆತ ಮಾತ್ರ ಸ್ವಯಂಚಾಲಿತ ಆಯಿತು. ಆಮೇಲೆ ಒಂದು ಸಾಲು ಪೂರ್ತಿ. ಈಗ ಇಡೀ ಬೆಂಚ್.

ಆಸ್ಟ್ರೇಲಿಯಾದ ಪಿಲ್ಬರಾ ಪ್ರದೇಶದ ಕಬ್ಬಿಣದ ಅದಿರು ಗಣಿಗಳಲ್ಲಿ ರಿಯೋ ಟಿಂಟೋ ಕಂಪನಿಯ ಡ್ರಿಲ್‌ಗಳನ್ನು ಸುಮಾರು 1,500 ಕಿಲೋಮೀಟರ್ ದೂರದ ಪರ್ತ್ ನಗರದಿಂದ ನೋಡಿಕೊಳ್ಳುತ್ತಾರೆ. ಸ್ವೀಡನ್ನಿನ ಐಟಿಕ್ ತಾಮ್ರದ ಗಣಿಯಲ್ಲೂ ಸ್ವಯಂಚಾಲಿತ ಡ್ರಿಲ್‌ಗಳಿವೆ. ಒಬ್ಬ ಆಪರೇಟರ್ ಪರದೆ ಮುಂದೆ ಕೂತು ಮೂರು ನಾಲ್ಕು ಯಂತ್ರ ನೋಡಿಕೊಳ್ಳಬಹುದು. ಯಂತ್ರ ಓಡಾಡುವ ಜಾಗಕ್ಕೆ ಕಂಪ್ಯೂಟರ್‌ನಲ್ಲೇ ಬೇಲಿ ಹಾಕಿರುತ್ತಾರೆ, ಎದುರಿಗೆ ಜನ ಅಥವಾ ಗಾಡಿ ಕಂಡರೆ ತಾನೇ ನಿಲ್ಲುತ್ತದೆ.

ಕಂಪನಿಗಳು ಇದಕ್ಕೆ ಸುರಕ್ಷತೆ ಎಂಬ ಕಾರಣ ಹೇಳುತ್ತವೆ, ಅದು ಸುಳ್ಳಲ್ಲ. ಬೆಂಚಿನ ಅಂಚು ಕುಸಿಯಬಹುದು, ಧೂಳು ಸದ್ದು ಬೇರೆ. ಆದರೆ ಊಟದ ಹೊತ್ತು, ಪಾಳಿ ಬದಲಾಗುವ ಹೊತ್ತಿನಲ್ಲೂ ಯಂತ್ರ ನಿಲ್ಲದೆ ಕೊರೆಯುತ್ತದೆ ಅನ್ನೋದೂ ಅಷ್ಟೇ ದೊಡ್ಡ ಕಾರಣ. ಬಿಟ್ ಬದಲಿಸುವುದು, ರಿಪೇರಿ ಇವಕ್ಕೆ ಇನ್ನೂ ಮನುಷ್ಯನ ಕೈಯೇ ಬೇಕು. ಮೆತ್ತನೆ ಬಂಡೆಯಲ್ಲಿ ಸಾವಿರಾರು ಮೀಟರ್ ಬಾಳುವ ಬಿಟ್, ಗಟ್ಟಿ ಸವೆಸುವ ಬಂಡೆಯಲ್ಲಿ ಕೆಲವು ನೂರು ಮೀಟರ್‌ಗೇ ಮುಗಿಯುತ್ತದೆ.

ಕೊರೆಯುತ್ತಲೇ ಬಂಡೆ ಓದುವುದು

ಹಳೇ ಬೋರ್‌ವೆಲ್‌ನವರು ಸದ್ದು ಕೇಳಿ, ಬರುವ ಪುಡಿ ಬೆರಳಲ್ಲಿ ಉಜ್ಜಿ ‘ಬಂಡೆ ಬದಲಾಯ್ತು ಸ್ವಾಮಿ’ ಅನ್ನುತ್ತಿದ್ದರು. ಈಗಿನ ಯಂತ್ರ ಅದನ್ನೇ ಸಂಖ್ಯೆಯಲ್ಲಿ ಬರೆದಿಡುತ್ತದೆ. ಎಷ್ಟು ಭಾರ ಹಾಕಿದೆ, ತಿರುಗಿಸಲು ಎಷ್ಟು ಬಲ ಬೇಕಾಯಿತು, ಎಷ್ಟು ವೇಗದಲ್ಲಿ ಇಳಿಯಿತು, ಎಷ್ಟು ನಡುಗಿತು, ಎಲ್ಲವೂ ಆಳದ ಜೊತೆ ದಾಖಲಾಗುತ್ತದೆ. ಒಂದು ಘನ ಸೆಂಟಿಮೀಟರ್ ಬಂಡೆ ಒಡೆಯಲು ಎಷ್ಟು ಶಕ್ತಿ ಹೋಯಿತು ಎಂದು ಇದರಿಂದ ಲೆಕ್ಕ ಹಾಕಬಹುದು. ಈ ವಿಚಾರ 1965ರಲ್ಲೇ ಟೀಲ್ ಎಂಬ ಸಂಶೋಧಕರು ಮುಂದಿಟ್ಟದ್ದು, ಸೆನ್ಸರ್ ಅಗ್ಗವಾದ ಮೇಲೆ ದಿನಬಳಕೆಗೆ ಬಂದಿದೆ.

ಇದರಿಂದ ಒಂದು ನೇರ ಲಾಭ ಇದೆ. ನಾಲ್ಕು ಮೀಟರ್ ಆಳದಲ್ಲಿ ಬಿರುಕು ಅಥವಾ ಪೊಳ್ಳು ಸಿಕ್ಕಿದರೆ ಅಲ್ಲಿ ಬಿಟ್ ಜರ್ರನೆ ಇಳಿಯುತ್ತದೆ, ದಾಖಲೆಯಲ್ಲಿ ಗೊತ್ತಾಗುತ್ತದೆ. ಮದ್ದು ತುಂಬುವವರು ಆ ಜಾಗ ಬಿಟ್ಟು ತುಂಬಬಹುದು. ಗೊತ್ತಿಲ್ಲದೆ ದ್ರವ ಮದ್ದು ಸುರಿದರೆ ಅದು ಬಿರುಕಿಗೆ ಹರಿದು ಒಂದೇ ಕಡೆ ಲೆಕ್ಕಕ್ಕಿಂತ ಜಾಸ್ತಿ ಸೇರಿಕೊಳ್ಳುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲದಲ್ಲಿ ಲಿಥಿಯಂ ಸುದ್ದಿ ಬಂದಾಗಿನಿಂದ ‘ಡ್ರಿಲ್ಲಿಂಗ್’ ಅಂದರೆ ಗಣಿ ಶುರುವಾಯ್ತು ಅಂದುಕೊಳ್ಳುವವರಿದ್ದಾರೆ. ಅಣು ಖನಿಜ ನಿರ್ದೇಶನಾಲಯ ಅಲ್ಲಿ 1,600 ಟನ್ ಲಿಥಿಯಂ ಇದೆಯೆಂದು ಅಂದಾಜು ಮಾಡಿದೆ. ಅಂಥ ಅನ್ವೇಷಣೆಯ ಡ್ರಿಲ್ ಬೇರೆಯೇ. ಅದು ಬಂಡೆಯನ್ನು ಪುಡಿ ಮಾಡಲ್ಲ, ಕೊಳವೆಯಾಕಾರದ ವಜ್ರದ ಬಿಟ್‌ನಿಂದ ಕಲ್ಲಿನ ಕಂಬವನ್ನೇ ಇಡಿಯಾಗಿ ಹೊರತೆಗೆಯುತ್ತದೆ. ಅದಕ್ಕೆ ಮದ್ದು ತುಂಬುವುದಿಲ್ಲ.

ಕರೆಂಟು, ಡೀಸೆಲ್, ಧೂಳು

ಡೀಸೆಲ್ ಡ್ರಿಲ್ ಎಲ್ಲಿ ಬೇಕಾದರೂ ಓಡಾಡುತ್ತದೆ. ಕರೆಂಟಿನದು ದಪ್ಪ ಕೇಬಲ್ ಎಳೆದುಕೊಂಡು ಓಡಾಡಬೇಕು. ಆದರೂ ಕರೆಂಟಿನ ಯಂತ್ರಕ್ಕೆ ಬೇಡಿಕೆ ಏರುತ್ತಿದೆ, ಹೊಗೆ ಇಲ್ಲ, ಎಂಜಿನ್ ರಿಪೇರಿ ಇಲ್ಲ. ಕೇಬಲ್ ಕಳಚಿ ಒಂದು ಬೆಂಚಿನಿಂದ ಇನ್ನೊಂದಕ್ಕೆ ಹೋಗುವಷ್ಟು ದೂರಕ್ಕೆ ಬ್ಯಾಟರಿ ಇಟ್ಟ ಮಾದರಿಗಳೂ ಬರುತ್ತಿವೆ. ಡೀಸೆಲ್ ಯಂತ್ರಗಳಲ್ಲಿ ಉಳಿತಾಯ ಬಂದಿರೋದು ಕಂಪ್ರೆಸರ್ ಕಡೆಯಿಂದ. ಮೊದಲೆಲ್ಲ ಎಂಜಿನ್ ಓಡುತ್ತಿದ್ದರೆ ಕಂಪ್ರೆಸರ್ ಕೂಡ ಸುಮ್ನೆ ತಿರುಗುತ್ತಿತ್ತು, ಕೊರೆಯದೇ ಇದ್ದಾಗಲೂ. ಈಗ ಬೇಡದಿದ್ದಾಗ ಕ್ಲಚ್ ಬಿಡಿಸುತ್ತಾರೆ, ಗಾಳಿಯನ್ನು ಕುಳಿಗೆ ಬೇಕಾದಷ್ಟೇ ಕೊಡುತ್ತಾರೆ.

ಧೂಳಿನ ಮಾತು ಇಷ್ಟು ಬೇಗ ಮುಗಿಯುವುದಿಲ್ಲ. ಗ್ರಾನೈಟ್, ನೈಸ್ ಬಂಡೆಯಲ್ಲಿ ಸಿಲಿಕಾ ಜಾಸ್ತಿ. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಧೂಳು ವರ್ಷಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗುವ ಕಾಯಿಲೆ ಅಲ್ಲ. ದೊಡ್ಡ ಯಂತ್ರಗಳಲ್ಲಿ ಕುಳಿ ಬಾಯಿ ಸುತ್ತ ರಬ್ಬರ್ ಪರದೆ ಇಳಿಬಿಟ್ಟು, ಒಳಗಿನ ಧೂಳನ್ನು ಫ್ಯಾನ್ ಹಾಕಿ ಹೀರಿ ಫಿಲ್ಟರ್‌ಗೆ ಕಳಿಸುತ್ತಾರೆ. ಇಲ್ಲವೇ ಗಾಳಿಯ ಜೊತೆ ಸ್ವಲ್ಪ ನೀರು ಬಿಡುತ್ತಾರೆ. ನೀರಿಗೆ ಧೂಳು ಚೆನ್ನಾಗಿ ಕೂರುತ್ತದೆ, ಆದರೆ ಬಿಟ್‌ನ ಬೇರಿಂಗ್‌ಗೆ ನೀರು ಹೊಕ್ಕು ಆಯಸ್ಸು ಕಮ್ಮಿಯಾಗುತ್ತದೆ. ಅದಕ್ಕೇ ನೀರಿನ ಪ್ರಮಾಣವನ್ನು ಹನಿ ಲೆಕ್ಕದಲ್ಲಿ ತಿದ್ದುವ ವ್ಯವಸ್ಥೆ ಈಗಿನ ಯಂತ್ರಗಳಲ್ಲಿದೆ. ಜಾಕ್ ಹ್ಯಾಮರ್ ಹಿಡಿದು ಮುಖಕ್ಕೆ ಟವೆಲ್ ಸುತ್ತಿಕೊಂಡವರಿಗೆ ಇದ್ಯಾವುದೂ ಸಿಕ್ಕಿಲ್ಲ.

ಇದರಲ್ಲಿ ನಮ್ಮ ಕಡೆಗೆ ಬರಬಹುದಾದದ್ದು

300 ಮಿಲಿಮೀಟರ್ ರೋಟರಿ ಯಂತ್ರ ಬೇಬಿ ಬೆಟ್ಟಕ್ಕಾಗಲಿ ಇನ್ನೊಂದು ಬೆಟ್ಟಕ್ಕಾಗಲಿ ಬರುವ ಕಾರಣ ಇಲ್ಲ. ಆದರೆ ಅದರಲ್ಲಿ ಬೆಳೆದ ಸಲಕರಣೆಗಳಿಗೆ ಗಾತ್ರದ ಹಂಗಿಲ್ಲ. ಉಪಗ್ರಹ ನೋಡಿ ಕುಳಿ ಜಾಗ ಹಿಡಿಯುವುದು, ಕುಳಿ ಎಷ್ಟು ವಾಲಿದೆ ಎಂದು ತನಿಖಾ ಸಲಾಕೆ ಇಳಿಸಿ ಅಳೆಯುವುದು, ಪ್ರತಿ ಕುಳಿಯ ದಾಖಲೆ ಇಡುವುದು, ಇವೆಲ್ಲ 115 ಮಿಲಿಮೀಟರ್ ಹೊಡೆಯುವ ಸಣ್ಣ ಯಂತ್ರಗಳಲ್ಲೂ ಆಗುತ್ತದೆ, ಬೇರೆ ಕಡೆ ಆಗಿಯೂ ಇದೆ. ಕುಳಿಗಳನ್ನು ಒಂದೊಂದು ಮಿಲಿಸೆಕೆಂಡ್ ಲೆಕ್ಕದಲ್ಲಿ ಬಿಡಿಬಿಡಿಯಾಗಿ ಸಿಡಿಸುವ ಎಲೆಕ್ಟ್ರಾನಿಕ್ ಡಿಟೋನೇಟರ್‌ಗಳೂ ಮಾರುಕಟ್ಟೆಯಲ್ಲಿವೆ.

ಹಾಗಾಗಿ ಮುಂದೆ ಎಂದಾದರೂ ಟ್ರಯಲ್ ಬ್ಲಾಸ್ಟ್ ವರದಿ ಕೈಗೆ ಸಿಕ್ಕಿದರೆ, ಎಷ್ಟು ಮಿಲಿಮೀಟರ್ ಕಂಪನ ಬಂತು ಎಂಬ ಸಾಲಿಗೇ ನಿಲ್ಲಬೇಡಿ. ಕುಳಿಯ ವ್ಯಾಸ, ಆಳ, ಬರ್ಡನ್ ಎಷ್ಟು, ಒಂದು ಅಂತರದಲ್ಲಿ ಎಷ್ಟು ಕಿಲೋ ಸಿಡಿಯಿತು, ಮೀಟರ್ ಎಷ್ಟು ದೂರದಲ್ಲಿತ್ತು, ಆವರ್ತನ ಎಷ್ಟು ಎಂದು ನೋಡಿ. ಕುಳಿ ನಕ್ಷೆಯಲ್ಲಿದ್ದ ಜಾಗದಲ್ಲೇ ಬಿದ್ದಿತ್ತಾ ಅನ್ನೋದಕ್ಕೆ ಅಳತೆ ಇದೆಯಾ ಎಂದೂ ನೋಡಿ. ಪರೀಕ್ಷೆಯ ಕುಳಿಗಳನ್ನು ಒಂದು ಗಾತ್ರದಲ್ಲಿ ಹೊಡೆದು, ಆಮೇಲೆ ದಿನನಿತ್ಯದ ಕೆಲಸಕ್ಕೆ ಬೇರೆ ಗಾತ್ರದ ಕುಳಿ, ಬೇರೆ ಮದ್ದು ಬಳಸುವುದಾದರೆ ಹೊಸ ಮದ್ದಿಗೆ ತಕ್ಕಂತೆ ಲೆಕ್ಕ ಮತ್ತೆ ಹಾಕಬೇಕು. ಪರೀಕ್ಷೆಯಲ್ಲಿ ಬಂದ ಕಂಪನದ ಸಂಖ್ಯೆ ಹಾಗೇ ಹೊಂದಲ್ಲ.